ರಕ್ತದ ಸಾಕ್ಷ್ಯ

"ಕನ್ನಡವು ನಮ್ಮ ರಕ್ತದಲ್ಲಿಯೇ ಇದೆ" ಎಂಬ ಮಾತು ನಮ್ಮ ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. "ಒಂದೇ ರಕ್ತದವರು", "ರಕ್ತಸಂಬಂಧ", "ಅವನ ಮೈಯಲ್ಲಿ ಹರಿಯುವುದು ಯಾರ ನೆತ್ತರು?" ಎಂಬ ನುಡಿಗಳೂ ಮದುವೆಯ ಮಾತುಕತೆಯಿಂದ ಹಿಡಿದು ಆಸ್ತಿಯ ವ್ಯಾಜ್ಯದವರೆಗೆ ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತವೆ. ಈ ಎಲ್ಲ ಮಾತುಗಳ ಅಡಿಯಲ್ಲಿ ಒಂದೇ ನಂಬಿಕೆಯಿದೆ. ಮನುಷ್ಯನು ಯಾರು, ಯಾರಿಗೆ ಸೇರಿದವನು, ಯಾರಿಗೆ ಋಣಿ ಎಂಬುದಕ್ಕೆ ಅವನ ರಕ್ತವೇ ಸಾಕ್ಷಿ ಎಂಬುದೇ ಆ ನಂಬಿಕೆ. ಆದರೆ ಈ ಸಾಕ್ಷಿಯನ್ನು ಕಟಕಟೆಗೆ ಕರೆದು ವಿಚಾರಿಸಿದವರು ಬಹುಕಾಲ ಯಾರೂ ಇರಲಿಲ್ಲ. ಆ ವಿಚಾರಣೆ ಮೊದಲಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಂದಿನಿಂದ ರಕ್ತವು ಏನನ್ನು ನುಡಿದಿದೆ, ಏನನ್ನು ನುಡಿಯಲೊಲ್ಲದು, ಉತ್ತರ ದೊರೆಯುವುದೆಂಬ ಮಾತ್ರಕ್ಕೆ ಅದನ್ನು ಯಾವ ಪ್ರಶ್ನೆಯನ್ನಾದರೂ ಕೇಳಲು ನಮಗೆ ಅಧಿಕಾರವುಂಟೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ರಕ್ತ ತುಂಬುವ ಪ್ರಯತ್ನ ಹಳೆಯದು. ೧೬೬೭ರಲ್ಲಿಯೇ ಫ್ರಾನ್ಸಿನ ವೈದ್ಯನಾದ ಝಾನ್ ಬತಿಸ್ತ್ ದೆನಿ ಎಂಬಾತನು ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಏರಿಸಿದ್ದನು. ಮುಂದೆ ಮನುಷ್ಯನ ರಕ್ತವನ್ನೇ ಮನುಷ್ಯನಿಗೆ ಕೊಡತೊಡಗಿದ ಮೇಲೂ ಕೆಲವರು ಬದುಕಿದರು, ಕೆಲವರು ಸತ್ತರು. ಏಕೆ ಹೀಗೆಂಬುದು ಯಾರಿಗೂ ಹೊಳೆಯಲಿಲ್ಲ. ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರರು ತಮ್ಮ ರಕ್ತವನ್ನೂ ತಮ್ಮ ಸಹೋದ್ಯೋಗಿಗಳ ರಕ್ತವನ್ನೂ ತೆಗೆದು, ಕೆಂಪುಕಣಗಳನ್ನೂ ತಿಳಿಯಾದ ಸೀರಂ ದ್ರವವನ್ನೂ ಬೇರ್ಪಡಿಸಿ, ಒಬ್ಬರ ಕಣಗಳಿಗೆ ಇನ್ನೊಬ್ಬರ ಸೀರಂ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವದರಲ್ಲಿ ಹಾಲು ಒಡೆದಂತೆ ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿದವು. ರಕ್ತ ಕೊಟ್ಟವರೆಲ್ಲರೂ ಆರೋಗ್ಯವಂತರೇ. ಆದುದರಿಂದ ಇದು ರೋಗದ ಫಲವಲ್ಲ, ಮನುಷ್ಯ ಮನುಷ್ಯರ ನಡುವಣ ಸಹಜವಾದ ಭೇದ ಎಂದು ಅವರು ೧೯೦೧ರಲ್ಲಿ ಪ್ರಕಟಿಸಿದರು. ಇಂದು ನಾವು ಎ, ಬಿ, ಓ ಎಂದು ಕರೆಯುವ ಗುಂಪುಗಳು ಹೀಗೆ ಬೆಳಕಿಗೆ ಬಂದವು. ಎಬಿ ಎಂಬ ನಾಲ್ಕನೆಯ ಗುಂಪು ಮರುವರ್ಷ ಗೊತ್ತಾಯಿತು. ಲ್ಯಾಂಡ್‌ಸ್ಟೈನರರಿಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಪರೀಕ್ಷೆಯ ವಿಧಾನ ಇಂದಿಗೂ ಬಹಳ ಸರಳ. ಬೆರಳ ತುದಿಯ ರಕ್ತದ ಎರಡು ಹನಿಗಳನ್ನು ಗಾಜಿನ ಪಟ್ಟಿಯ ಮೇಲೆ ದೂರದೂರವಾಗಿ ಇಟ್ಟು, ಒಂದಕ್ಕೆ ಎ ಕಣಗಳನ್ನು ಹಿಡಿಯುವ ದ್ರವವನ್ನೂ ಇನ್ನೊಂದಕ್ಕೆ ಬಿ ಕಣಗಳನ್ನು ಹಿಡಿಯುವ ದ್ರವವನ್ನೂ ಸೇರಿಸಿ ಕದಡುತ್ತಾರೆ. ಮೊದಲನೆಯ ಹನಿ ಮಾತ್ರ ಗಂಟುಗಟ್ಟಿದರೆ ಎ, ಎರಡನೆಯದು ಮಾತ್ರವಾದರೆ ಬಿ, ಎರಡೂ ಆದರೆ ಎಬಿ, ಯಾವುದೂ ಇಲ್ಲವಾದರೆ ಓ. ಈ ಭೇದಕ್ಕೆ ಕಾರಣ ಕೆಂಪುಕಣದ ಮೇಲ್ಮೈಯಲ್ಲಿರುವ ಸಕ್ಕರೆಯ ಜಾತಿಯ ಅಣುಗಳ ಸರಪಳಿ. ಎಚ್ ಎಂಬ ಒಂದು ಮೂಲ ಸರಪಳಿಯ ತುದಿಗೆ ಒಂದು ಬಗೆಯ ಕೊಂಡಿ ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ, ಏನೂ ಸೇರದೆ ಉಳಿದರೆ ಓ. ಕುಲ, ವಂಶ, ಜಾತಿ ಎಂದು ನಾವು ಹೊರಿಸುವ ಭಾರವನ್ನು ಈ ಸಣ್ಣ ಕೊಂಡಿಯು ಹೊರಬಲ್ಲುದೆ ಎಂಬುದೇ ಮುಂದಿನ ಪ್ರಶ್ನೆ.

ಮೊದಲು ಮನೆಯೊಳಗಿನ ಸಂಗತಿಯನ್ನೇ ನೋಡೋಣ. ಪ್ರತಿಯೊಂದು ಮಗುವೂ ಈ ಗುಂಪಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಒಂದನ್ನು ತಾಯಿಯಿಂದ, ಒಂದನ್ನು ತಂದೆಯಿಂದ ಪಡೆಯುತ್ತದೆ. ಗುಂಪುಗಳು ವಂಶಪಾರಂಪರ್ಯವಾಗಿ ಬರುವವೆಂದು ೧೯೧೦ರಲ್ಲಿ ಫಾನ್ ದುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಎಂಬವರು ತೋರಿಸಿದ್ದರು; ಅದರ ಸರಿಯಾದ ಲೆಕ್ಕವನ್ನು ೧೯೨೪ರಲ್ಲಿ ಬಿಡಿಸಿದವರು ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನರು. ಎ ಮತ್ತು ಬಿ ವಂಶವಾಹಿಗಳು ತಮ್ಮ ಗುರುತನ್ನು ತೋರಿಸುತ್ತವೆ; ಓ ವಂಶವಾಹಿಯು ಮೌನಿ. ಎ ಗುಂಪಿನ ತಂದೆಯಲ್ಲಿಯೂ ಬಿ ಗುಂಪಿನ ತಾಯಿಯಲ್ಲಿಯೂ ಒಂದೊಂದು ಮೌನಿ ಅಡಗಿದ್ದರೆ, ಅವರ ನಾಲ್ವರು ಮಕ್ಕಳು ನಾಲ್ಕು ಬೇರೆ ಬೇರೆ ಗುಂಪಿನವರಾಗಿರಬಹುದು. ಆ ಮಕ್ಕಳಲ್ಲಿ ಎ ಗುಂಪಿನ ಅಣ್ಣನ ರಕ್ತವನ್ನು ಬಿ ಗುಂಪಿನ ತಮ್ಮನಿಗೆ ಏರಿಸಿದರೆ ತಮ್ಮನ ಪ್ರಾಣಕ್ಕೆ ಅಪಾಯ. ಹೆಸರರಿಯದ ದಾರಿಹೋಕನ ರಕ್ತವು ಹೊಂದಿಕೊಂಡರೆ ಅವನು ಉಳಿಯುತ್ತಾನೆ.

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆಂಬ ಭಾವನೆಯೂ ಹೀಗೆಯೇ. ಗರ್ಭದಲ್ಲಿ ಎರಡು ರಕ್ತಗಳು ಸಮೀಪದಲ್ಲಿ ಹರಿದು, ಆಹಾರವನ್ನೂ ಪ್ರಾಣವಾಯುವನ್ನೂ ಕೊಟ್ಟುಕೊಳ್ಳುತ್ತವೆಯಾದರೂ, ಸಾಮಾನ್ಯವಾಗಿ ಬೆರೆಯುವುದಿಲ್ಲ. ಬೆರೆತಾಗ ಕೆಲವೊಮ್ಮೆ ಕೇಡೇ ಆಗುತ್ತದೆ. ೧೯೪೦ರಲ್ಲಿ ಲ್ಯಾಂಡ್‌ಸ್ಟೈನರರೂ ವೀನರ್ ಎಂಬವರೂ ಪ್ರಕಟಿಸಿದ ಆರ್‌ಎಚ್ ಎಂಬ ಲಕ್ಷಣವು ತಾಯಿಯಲ್ಲಿ ಇಲ್ಲದೆ, ತಂದೆಯ ಕಡೆಯಿಂದ ಮಗುವಿಗೆ ಬಂದಿದ್ದರೆ, ಹೆರಿಗೆಯ ಹೊತ್ತಿಗೆ ಮಗುವಿನ ಕಣಗಳು ತಾಯಿಯ ಮೈಯನ್ನು ಸೇರಿ ಅಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಬಹುದು. ಅವು ಮುಂದಿನ ಮಗುವಿನ ಕಣಗಳನ್ನು ಒಡೆಯುತ್ತವೆ. ಇದನ್ನು ತಡೆಯುವ ಚುಚ್ಚುಮದ್ದು ೧೯೬೮ರಿಂದ ದೊರೆಯುತ್ತಿದೆ. ಇನ್ನೊಂದು ಸಂಗತಿ. ತೀರ ಹತ್ತಿರದ ಬಂಧುವಿನ ರಕ್ತವನ್ನೇ ಕೊಡಬೇಕಾಗಿ ಬಂದರೆ ಇಂದಿನ ವೈದ್ಯರು ಅದನ್ನು ಮೊದಲು ವಿಕಿರಣಕ್ಕೆ ಒಡ್ಡುತ್ತಾರೆ. ಬಂಧುವಿನ ಬಿಳಿಕಣಗಳನ್ನು ರೋಗಿಯ ದೇಹವು ಪರಕೀಯವೆಂದು ಗುರುತಿಸದೆ ಉಳಿಸಿಕೊಳ್ಳುವುದರಿಂದ, ಅವು ಒಳಗೇ ಬೆಳೆದು ರೋಗಿಯನ್ನೇ ಮುತ್ತುವ ಅಪಾಯ, ವಿರಳವಾದರೂ, ಉಂಟು. ತಾಯಿಯ ಪ್ರೀತಿಗಾಗಲಿ ಅಣ್ಣತಮ್ಮಂದಿರ ಅಕ್ಕರೆಗಾಗಲಿ ಇದರಿಂದ ಯಾವ ಕುಂದೂ ಇಲ್ಲ. ಆ ಅಕ್ಕರೆಯ ನೆಲೆ ರಕ್ತವಲ್ಲವೆಂದಷ್ಟೆ ಇದರಿಂದ ತಿಳಿಯುತ್ತದೆ.

ಹಾಗಾದರೆ ರಕ್ತದ ಗುಂಪು ವಂಶದ ವಿಷಯವಾಗಿ ಏನನ್ನೂ ಹೇಳುವುದಿಲ್ಲವೆ? ಹೇಳುತ್ತದೆ. ಆದರೆ ಅದರ ಮಾತಿನಲ್ಲಿ ಒಂದು ವಿಶೇಷವಿದೆ. "ಇವನು ತಂದೆಯಲ್ಲ" ಎಂದು ಅದು ಹೇಳಬಲ್ಲದು. "ಇವನೇ ತಂದೆ" ಎಂದು ಹೇಳಲಾರದು. ತಾಯಿ ಎ, ಮಗು ಬಿ ಆಗಿದ್ದರೆ, ಆ ಬಿ ವಂಶವಾಹಿಯು ತಂದೆಯಿಂದಲೇ ಬಂದಿರಬೇಕು. ಓ ಗುಂಪಿನವನು ಅದನ್ನು ಕೊಡಲಾರ. ಆದರೆ ಬಿ ಗುಂಪಿನವನೊಬ್ಬನು ಎದುರಿಗೆ ನಿಂತರೆ, ಅವನಂತಹ ಕೋಟ್ಯಂತರ ಜನ ಲೋಕದಲ್ಲಿದ್ದಾರೆ. ಇಂದಿನ ಡಿಎನ್ಎ ಪರೀಕ್ಷೆಯು "ಇವನೇ" ಎಂಬುದನ್ನೂ ಸಂಶಯಕ್ಕೆಡೆಯಿಲ್ಲದಂತೆ ಹೇಳಬಲ್ಲುದಾದರೂ, ನೀತಿಯ ತೊಡಕು ಮೊದಲು ಎದ್ದದ್ದು ಈ ಹಳೆಯ ಪರೀಕ್ಷೆಯ "ಅಲ್ಲ" ಎಂಬ ಮಾತಿನಿಂದಲೇ.

ಮೂಕಚಿತ್ರಗಳ ನಟನೆಂದು ಲೋಕಪ್ರಸಿದ್ಧನಾದ ಚಾರ್ಲಿ ಚಾಪ್ಲಿನ್ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ದಾವೆ ನಡೆಯಿತು. ತನ್ನ ಮಗುವಿಗೆ ಅವನೇ ತಂದೆಯೆಂದು ಒಬ್ಬ ತರುಣಿ ಹೇಳಿದಳು. ೧೯೪೪ರಲ್ಲಿ ರಕ್ತಪರೀಕ್ಷೆಯಾಯಿತು: ತಾಯಿ ಎ, ಮಗು ಬಿ, ಚಾಪ್ಲಿನ್ ಓ. ವಿಜ್ಞಾನವು "ಅಲ್ಲ" ಎಂದಿತು. ಆದರೂ ೧೯೪೫ರಲ್ಲಿ ಎರಡನೆಯ ವಿಚಾರಣೆಯ ಪಂಚರು ಅವನೇ ತಂದೆಯೆಂದು ನಿರ್ಣಯಿಸಿದರು; ಮಗುವಿನ ಪೋಷಣೆಯ ವೆಚ್ಚವನ್ನು ಅವನು ಕೊಡಬೇಕಾಯಿತು. ಅಂದಿನ ಆ ಸಂಸ್ಥಾನದ ಕಾನೂನಿನಲ್ಲಿ ರಕ್ತಪರೀಕ್ಷೆಯು ಅಂತಿಮ ಪ್ರಮಾಣವಾಗಿರಲಿಲ್ಲ. ೧೯೫೩ರಲ್ಲಿ ಕಾನೂನನ್ನು ಬದಲಾಯಿಸಲಾಯಿತು.

ಈ ತೀರ್ಪು ತಪ್ಪೆಂದು ಹೇಳಿ ಮುಂದೆ ಸಾಗುವುದು ಸುಲಭ. ಕಂಡ ಸತ್ಯವನ್ನು ಕಾಣದಂತೆ ನಟಿಸಿ ಒಬ್ಬನ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲ ಎಂಬುದು ನಿಜ. ಆದರೂ ಅದರ ಹಿಂದೆ ನ್ಯಾಯವಾದ ಒಂದು ಕಳವಳವೂ ಇದೆ. ಮಗುವಿನ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಹುಟ್ಟಿಗೆ ಕಾರಣನಾರು ಎಂಬುದು ಒಂದು. ಸಾಕಿ ಸಲಹುವವರಾರು ಎಂಬುದು ಇನ್ನೊಂದು. ರಕ್ತವು ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಉತ್ತರಿಸಬೇಕಾದವರು ಮನುಷ್ಯರು. ಭಾರತದ ಕಥೆ ಬಲ್ಲ ನಮಗೆ ಇದು ಹೊಸ ಪ್ರಶ್ನೆಯಲ್ಲ. ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ಯುದ್ಧಕ್ಕೆ ಮೊದಲೇ ತಿಳಿಯುತ್ತದೆ. ತಾನು ಕೌಂತೇಯನೆಂಬುದನ್ನು ಅವನು ಅಲ್ಲಗಳೆಯುವುದಿಲ್ಲ. ಆದರೂ ತನ್ನನ್ನು ಪೊರೆದವನ ಪಕ್ಷವನ್ನು ಬಿಟ್ಟು ಬರುವುದಿಲ್ಲ. ಸತ್ಯವನ್ನು ಒಪ್ಪಿಕೊಂಡ ಮೇಲೂ ಋಣವು ಬೇರೆಯಾಗಿ ಉಳಿಯುತ್ತದೆಂದು ನಮ್ಮ ಕವಿಗಳು ಬಲ್ಲರು.

ಇದಕ್ಕಿಂತ ಗಂಭೀರವಾದ ಎಚ್ಚರವೊಂದು ನಮ್ಮ ದೇಶದಿಂದಲೇ ಬಂದಿದೆ. ೧೯೫೨ರಲ್ಲಿ ಮುಂಬಯಿಯ ಭೇಂಡೆ ಮತ್ತು ಅವರ ಸಹೋದ್ಯೋಗಿಗಳು, ನೋಡಲು ಓ ಎಂದೇ ತೋರುವ, ಆದರೆ ಓ ಗುಂಪಿನ ರಕ್ತವನ್ನೂ ತಡೆದುಕೊಳ್ಳಲಾರದ ಒಂದು ಬಗೆಯ ರಕ್ತವನ್ನು ವರದಿಮಾಡಿದರು. ಇಂದು ಲೋಕದ ವೈದ್ಯರೆಲ್ಲ ಅದನ್ನು "ಬಾಂಬೆ ಗುಂಪು" ಎಂದೇ ಕರೆಯುತ್ತಾರೆ. ಇವರ ಕಣಗಳ ಮೇಲೆ ಎಚ್ ಎಂಬ ಮೂಲ ಸರಪಳಿಯೇ ಇರುವುದಿಲ್ಲ. ಎ ಅಥವಾ ಬಿ ಕೊಂಡಿಯನ್ನು ಕಟ್ಟುವ ವಂಶವಾಹಿ ಮೈಯಲ್ಲಿದ್ದರೂ ಕಟ್ಟಲು ನೆಲೆಯಿಲ್ಲದ್ದರಿಂದ ಅದು ತೋರುವುದಿಲ್ಲ. ಮಕ್ಕಳಿಗೆ ಮಾತ್ರ ಹೋಗುತ್ತದೆ. ಮಗುವಿಗೆ ಇನ್ನೊಬ್ಬ ಪೋಷಕರಿಂದ ಎಚ್ ದೊರೆತಾಗ ಅಡಗಿದ್ದುದು ಹೊರಬೀಳುತ್ತದೆ. ಹೀಗಾಗಿ ಓ ಎಂದು ತೋರುವ ತಾಯಿಗೆ ಎಬಿ ಮಗು ಹುಟ್ಟಬಹುದು. ಓ ಎಂದು ತೋರುವ ತಂದೆಗೆ ಬಿ ಮಗು ಹುಟ್ಟಬಹುದು. ಪುಸ್ತಕದ ಪಟ್ಟಿಯನ್ನು ಹಿಡಿದು ನೋಡಿದರೆ ಎರಡೂ ಅಸಾಧ್ಯ. ಈ ಗುಂಪಿನವರು ಬಹಳ ವಿರಳ. ಆದರೆ ಬೇರೆಡೆಗಳಿಗಿಂತ ನಮ್ಮ ದೇಶದಲ್ಲಿ ಹೆಚ್ಚು. ರಕ್ತದ "ಅಲ್ಲ" ಎಂಬ ಮಾತು ಅಚಲವೆಂದು ನಂಬಿದವರು, ಯಾವ ತಪ್ಪನ್ನೂ ಮಾಡದ ಹೆಣ್ಣೊಬ್ಬಳ ಬಾಳನ್ನು ಆ ಪಟ್ಟಿಯ ಬಲದಿಂದಲೇ ಕೆಡಿಸಬಹುದಾಗಿತ್ತು. ಸಾಕ್ಷಿಯು ಸುಳ್ಳು ಹೇಳಲಿಲ್ಲ. ಅದರ ಭಾಷೆಯನ್ನು ಕೇಳಿದವರು ಪೂರ್ತಿ ಕಲಿತಿರಲಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದಿನಿಂದಲೂ ಮೆಲ್ಲನೆ ಹೆಜ್ಜೆಯಿಟ್ಟಿದೆ. ದಾಂಪತ್ಯದಲ್ಲಿ ಹುಟ್ಟಿದ ಮಗು ಆ ದಂಪತಿಗಳದೇ ಎಂಬ ಊಹೆಯನ್ನು ೧೮೭೨ರ ಸಾಕ್ಷ್ಯ ಕಾನೂನು ಮಾಡಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಊಹೆ ಉಳಿದಿದೆ. ಸುಮ್ಮನೆ ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆಜ್ಞೆಮಾಡಕೂಡದು, ಅದರಿಂದ ಮಗುವಿಗೂ ತಾಯಿಗೂ ತಟ್ಟುವ ಕಳಂಕವನ್ನು ನ್ಯಾಯಾಲಯವು ಮೊದಲು ಯೋಚಿಸಬೇಕು ಎಂದು ಸುಪ್ರೀಂ ಕೋರ್ಟು ೧೯೯೩ರಲ್ಲಿ ಹೇಳಿತು. ೨೦೧೪ರಲ್ಲಿ ಅದೇ ನ್ಯಾಯಾಲಯವು, ಪರೀಕ್ಷೆ ನಡೆದು ವಿಜ್ಞಾನದ ಸತ್ಯವು ಎದುರಿಗೆ ಬಂದು ನಿಂತ ಮೇಲೆ ಕಾನೂನಿನ ಊಹೆಯು ಅದಕ್ಕೆ ದಾರಿಬಿಡಬೇಕೆಂದಿತು. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ತಿಳಿದ ಸತ್ಯವನ್ನು ಅಲ್ಲಗಳೆಯಬಾರದು ಎಂಬುದು ಒಂದು ಧರ್ಮ. ಇನ್ನೊಬ್ಬರ ಬಾಳಿನ ಸತ್ಯವನ್ನು ಕುತೂಹಲಕ್ಕಾಗಿ ಕೆದಕಬಾರದು ಎಂಬುದು ಇನ್ನೊಂದು ಧರ್ಮ. ಮೊದಲನೆಯದನ್ನು ಪಾಲಿಸುವವನು ಎರಡನೆಯದನ್ನು ಮುರಿಯಬೇಕಾದ ಅಗತ್ಯವಿಲ್ಲ.

ಉಪಾಧ್ಯಾಯರಾದ ನಮ್ಮ ವಾಚಕರಿಗೆ ಇದು ದೂರದ ಮಾತಲ್ಲ. ಜೀವಶಾಸ್ತ್ರದ ತರಗತಿಯಲ್ಲಿ ಈ ಪಾಠ ಬಂದಾಗ, "ನಾಳೆ ತಂದೆತಾಯಿಯರ ರಕ್ತದ ಗುಂಪನ್ನು ಕೇಳಿ ಬರೆದುಕೊಂಡು ಬನ್ನಿ, ನಿಮ್ಮದರೊಡನೆ ತಾಳೆ ನೋಡೋಣ" ಎಂದು ಹೇಳಬೇಕೆನಿಸುವುದು ಸಹಜ. ಪಾಠ ರಸವತ್ತಾಗುತ್ತದೆ, ಮಕ್ಕಳಿಗೂ ಉತ್ಸಾಹ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿನ ಲೆಕ್ಕ ತಾಳೆಯಾಗದಿದ್ದರೆ? ಆ ಮಗುವನ್ನು ದತ್ತು ತೆಗೆದುಕೊಂಡಿದ್ದು, ಹೇಳಲು ತಕ್ಕ ಹೊತ್ತಿಗಾಗಿ ಮನೆಯವರು ಕಾಯುತ್ತಿರಬಹುದು. ಬಾಂಬೆ ಗುಂಪಿನಂತಹ ವಿರಳ ಕಾರಣವಿರಬಹುದು. ಚೀಟಿ ಬರೆದವನ ಕೈತಪ್ಪಿರಬಹುದು. ಅಥವಾ ಆ ಮನೆಯವರಷ್ಟೆ ಬಲ್ಲ, ಆ ಮನೆಯವರಷ್ಟೆ ಬಲ್ಲಬೇಕಾದ ಒಂದು ನೋವಿರಬಹುದು. ಕಾರಣ ಯಾವುದೇ ಇರಲಿ, ಕಪ್ಪುಹಲಗೆಯ ಮುಂದೆ ನಿಂತ ಮಗುವಿಗೆ ಆ ಕ್ಷಣದಲ್ಲಿ ತಿಳಿಯುವುದು ಒಂದೇ: ತನ್ನ ಲೆಕ್ಕ ತಪ್ಪಿದೆ, ಉಳಿದವರೆಲ್ಲರೂ ತನ್ನನ್ನು ನೋಡುತ್ತಿದ್ದಾರೆ.

ಸತ್ಯವನ್ನು ಕಲಿಸುವ ಶಾಲೆಯು ಸತ್ಯಕ್ಕೆ ಅಂಜಬೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ. ವಂಶವಾಹಿಗಳ ನಿಯಮವೆಂಬ ಸತ್ಯವು ಎಲ್ಲರ ಸೊತ್ತು; ಅದನ್ನು ಒಂದಂಶವೂ ಬಿಡದೆ ಕಲಿಸಬೇಕು. ರಾಮಪ್ಪ, ಸೀತಮ್ಮ ಎಂಬ ಕಲ್ಪಿತ ಸಂಸಾರವೊಂದನ್ನು ಹಲಗೆಯ ಮೇಲೆ ಬರೆದರೂ ಆ ನಿಯಮವು ಪೂರ್ಣವಾಗಿಯೇ ತಿಳಿಯುತ್ತದೆ. ಒಂದು ಮನೆಯ ಗುಟ್ಟು ಆ ಮನೆಯ ಸೊತ್ತು. ಅದನ್ನು ಪಾಠೋಪಕರಣವಾಗಿ ಬಳಸಲು ಅನುಮತಿಯಿಲ್ಲ. ಮಗು ಬೆಳೆದು, ತಾನಾಗಿ ತನ್ನ ಹುಟ್ಟನ್ನು ತಿಳಿಯಬಯಸಿದರೆ ಅದು ಅದರ ಹಕ್ಕು. ತಡೆಯುವ ಅಧಿಕಾರವೂ ನಮಗಿಲ್ಲ. ತನ್ನ ಗುಂಪು ಯಾವುದೆಂದು ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದೇ. ತಾಳೆ ನೋಡುವುದು ಬೇರೆ ಕೆಲಸ.

ಮನೆಯ ಮಾತನ್ನು ಬಿಟ್ಟು ಜನಾಂಗದ ಮಾತಿಗೆ ಬಂದರೆ, ರಕ್ತದ ಹೆಸರಿನಲ್ಲಿ ನಡೆದ ಅನ್ಯಾಯ ಇನ್ನೂ ದೊಡ್ಡದು. ಮೇಲೆ ಹೇಳಿದ ಲುಡ್ವಿಕ್ ಹಿರ್ಷ್‌ಫೆಲ್ಡರು ತಮ್ಮ ಪತ್ನಿ ಹಾನಾ ಅವರೊಡನೆ, ಮೊದಲನೆಯ ಮಹಾಯುದ್ಧದಲ್ಲಿ ಗ್ರೀಸಿನ ಸಲೋನಿಕದಲ್ಲಿ ನೆರೆದಿದ್ದ ಹಲವು ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ, ಮುಖ್ಯವಾಗಿ ಸೈನಿಕರ, ರಕ್ತವನ್ನು ಪರೀಕ್ಷಿಸಿ ೧೯೧೯ರಲ್ಲಿ ಫಲವನ್ನು ಪ್ರಕಟಿಸಿದರು. ಅವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಪಶ್ಚಿಮ ಯುರೋಪಿನವರಲ್ಲಿ ಎ ಹೆಚ್ಚು, ಭಾರತೀಯರಲ್ಲಿ ಬಿ ಹೆಚ್ಚು ಎಂದು ಕಂಡಿತು. ಹೆಚ್ಚುಕಡಿಮೆಯಷ್ಟೆ, ನಾಲ್ಕು ಗುಂಪುಗಳೂ ಎಲ್ಲ ಜನರಲ್ಲಿಯೂ ಇದ್ದವು. ಆದರೆ ಈ ಅಂಕಿಗಳನ್ನು ಹಿಡಿದು, ಜರ್ಮನಿಯಲ್ಲಿ ಕೆಲವರು ೧೯೨೬ರಲ್ಲಿ ಒಂದು ಸಂಘವನ್ನೇ ಕಟ್ಟಿ, ಜನಾಂಗಗಳ ಮೇಲುಕೀಳನ್ನು ರಕ್ತದಲ್ಲಿ ಹುಡುಕಹೊರಟರು. ೧೯೩೫ರಲ್ಲಿ ಆ ದೇಶದ ಸರ್ಕಾರವು ಜರ್ಮನ್ ರಕ್ತದ ರಕ್ಷಣೆಗೆಂದು ಶಾಸನವನ್ನೂ ಮಾಡಿತು. ಆಮೇಲೆ ಯೆಹೂದಿ ಯಾರು ಎಂದು ನಿರ್ಣಯಿಸಬೇಕಾಗಿ ಬಂದಾಗ ಅಧಿಕಾರಿಗಳು ರಕ್ತದ ಹನಿಯನ್ನು ನೋಡಲಿಲ್ಲ. ಅಜ್ಜ ಅಜ್ಜಿಯರು ಯಾವ ಮತಕ್ಕೆ ಸೇರಿದವರೆಂಬ ದಾಖಲೆಯನ್ನು ನೋಡಿದರು. ಯಾಕೆಂದರೆ ರಕ್ತದಲ್ಲಿ ಅದು ಬರೆದಿರಲೇ ಇಲ್ಲ. ರಕ್ತದ ಹೆಸರಿನ ಶಾಸನಕ್ಕೆ ರಕ್ತದಿಂದ ಒಂದು ಸಾಕ್ಷ್ಯವೂ ದೊರೆಯಲಿಲ್ಲ. ಹಿರ್ಷ್‌ಫೆಲ್ಡರನ್ನೇ, ಯೆಹೂದಿ ಮೂಲದವರೆಂಬ ಕಾರಣಕ್ಕೆ, ೧೯೪೧ರಲ್ಲಿ ವಾರ್ಸಾ ನಗರದ ಘೆಟ್ಟೋದೊಳಗೆ ನೂಕಲಾಯಿತು. ಅಲ್ಲಿಯೂ ಅವರು ವೈದ್ಯಶಾಸ್ತ್ರದ ಪಾಠ ಹೇಳಿದರು.

ಅತ್ತ ಅಮೆರಿಕದಲ್ಲಿ, ಯುದ್ಧದ ಗಾಯಾಳುಗಳಿಗಾಗಿ ರಕ್ತ ಸಂಗ್ರಹಿಸಿದ ರೆಡ್‌ಕ್ರಾಸ್ ಸಂಸ್ಥೆಯು ಮೊದಲು ಕರಿಯರ ರಕ್ತವನ್ನು ತೆಗೆದುಕೊಳ್ಳಲಿಲ್ಲ. ೧೯೪೨ರಲ್ಲಿ ತೆಗೆದುಕೊಳ್ಳತೊಡಗಿದರೂ ಬೇರೆಯಾಗಿಯೇ ಇರಿಸಿತು. ಆ ಪದ್ಧತಿ ನಿಂತದ್ದು ೧೯೫೦ರಲ್ಲಿ. ರಕ್ತಸಂಗ್ರಹದ ಕಾರ್ಯಕ್ಕೆ ನೆಲೆಗಟ್ಟು ಹಾಕಿದವರಲ್ಲಿ ಪ್ರಮುಖರಾದ ಚಾರ್ಲ್ಸ್ ಡ್ರೂ ಎಂಬ ವೈದ್ಯರು ಸ್ವತಃ ಕರಿಯರಾಗಿದ್ದರು. ಈ ವಿಂಗಡಣೆಗೆ ವಿಜ್ಞಾನದ ಆಧಾರವಿಲ್ಲವೆಂದು ಅವರು ಹೇಳಿದರು.

ಮುಂದೆ ೧೯೭೨ರಲ್ಲಿ ರಿಚರ್ಡ್ ಲೆವಾಂಟಿನರು ರಕ್ತದ ಗುಂಪುಗಳೇ ಮೊದಲಾದ ಲಕ್ಷಣಗಳ ಲೆಕ್ಕಹಾಕಿ, ಮನುಷ್ಯರ ನಡುವಣ ಇಂತಹ ವೈವಿಧ್ಯದಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಪಾಲು ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ತೋರಿಸಿದರು. ೨೦೧೨ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಎ ಮತ್ತು ಬಿ ಎಂಬ ಭೇದವು ಮನುಷ್ಯಜಾತಿಗಿಂತಲೂ ಹಳೆಯದು. ಗಿಬ್ಬನ್ ಎಂಬ ವಾನರಕ್ಕೂ ನಮಗೂ ಕನಿಷ್ಠ ಎರಡು ಕೋಟಿ ವರ್ಷಗಳ ಹಿಂದಿನ ಒಂದೇ ಮೂಲದಿಂದ ಬಂದದ್ದು. ತನ್ನ ರಕ್ತದ ಹಿರಿಮೆಯನ್ನು ಹೊಗಳಿಕೊಳ್ಳುವವನು ಈ ಸಂಗತಿಯನ್ನೂ ನೆನೆಯುವುದು ಲೇಸು.

ಇನ್ನು ನಾವು ಆರಂಭದಲ್ಲಿ ಎತ್ತಿಕೊಂಡ ಮಾತು. ಕನ್ನಡವು ನಮ್ಮ ರಕ್ತದಲ್ಲಿದೆಯೆ? ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಯಾವ ಕನ್ನಡ ಶಾಲೆಗೆ ಹೋದರೂ ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದನ್ನು ಕಾಣಬಹುದು. ಅವರಲ್ಲಿ ಅನೇಕರಿಗೆ ಕನ್ನಡವು ತಾಯಿಯ ಗರ್ಭದಿಂದ ಬಂದುದಲ್ಲ. ಅಕ್ಷರ ತಿದ್ದಿಸಿದ ಕೈಯಿಂದ ಬಂದುದು. ರಕ್ತದ ಗುಂಪಾದರೆ ಯಾರೂ ಕಲಿಸದಿದ್ದರೂ ಬರುತ್ತದೆ, ಬೇಡವೆಂದರೂ ಹೋಗುವುದಿಲ್ಲ. ಭಾಷೆಯು ಹಾಗಲ್ಲ. ಒಂದು ತಲೆಮಾರು ಕಲಿಸುವುದನ್ನು ಬಿಟ್ಟರೆ, ಎಂತಹ ಕನ್ನಡಿಗರ ಮನೆಯಲ್ಲಿಯೂ ಅದು ಆರಿಹೋಗುತ್ತದೆ. ರಕ್ತದಲ್ಲಿದೆಯೆಂದು ನಂಬಿ ನಿಶ್ಚಿಂತರಾಗುವುದು ಆದುದರಿಂದ ಅಭಿಮಾನವಲ್ಲ, ಆಲಸ್ಯ.

ರಕ್ತನಿಧಿಯಲ್ಲಿ ಕೇಳುವ ಪ್ರಶ್ನೆಯನ್ನು ಒಮ್ಮೆ ಗಮನಿಸಬೇಕು. "ನೀನು ಯಾರ ಮಗ?" ಎಂದು ಅಲ್ಲಿ ಕೇಳುವುದಿಲ್ಲ, "ಈ ರಕ್ತವು ಈ ರೋಗಿಗೆ ಹೊಂದೀತೆ?" ಎಂದು ಮಾತ್ರ ಕೇಳುತ್ತಾರೆ. ಸುಪ್ರೀಂ ಕೋರ್ಟಿನ ೧೯೯೬ರ ಆದೇಶದಂತೆ ನಮ್ಮ ದೇಶದಲ್ಲಿ ೧೯೯೮ರಿಂದ ಹಣಕ್ಕಾಗಿ ರಕ್ತ ಮಾರುವ ಪದ್ಧತಿ ನಿಷಿದ್ಧವಾಗಿದೆ. ಆದುದರಿಂದ ಅಲ್ಲಿ ರಕ್ತವನ್ನು ಕೊಡಬಹುದು, ಮಾರಲಾಗದು. ಲ್ಯಾಂಡ್‌ಸ್ಟೈನರರ ಕಾಲದಿಂದ ಇಂದಿನವರೆಗೆ ನಡೆದ ಪರೀಕ್ಷೆಗಳೆಲ್ಲದರ ಮುಖ್ಯವಾದ ಪ್ರಯೋಜನ ಇದೇ: ಪರಿಚಯವಿಲ್ಲದವರ ನೆತ್ತರು ಪರಿಚಯವಿಲ್ಲದವರ ಪ್ರಾಣವನ್ನು ಉಳಿಸುವಂತಾದದ್ದು. ರಕ್ತಸಂಬಂಧವೆಂಬ ಮಾತನ್ನು ನಾವು ಬಿಡಬೇಕಾಗಿಲ್ಲ. ಕೊಟ್ಟವನಿಗೂ ಪಡೆದವನಿಗೂ ನಡುವೆ ಏರ್ಪಡುವ ಈ ಸಂಬಂಧವನ್ನೂ ಅದರೊಳಗೆ ಸೇರಿಸಿಕೊಂಡರೆ ಆ ಮಾತಿನ ಅರ್ಥವು ಹಿಗ್ಗುತ್ತದೆ.